ಹತ್ತು ನಿಮಿಷಕ್ಕೊಂದು ರೈಲು: ಉಪನಗರ ರೈಲಿನ ಅಂತರ ಎಷ್ಟಿದ್ದರೆ ಸಾಕು?

ಪ್ರಶ್ನೆ: ನಮ್ಮ ಮನೆ ಬೆಂಗಳೂರಿನ ಹೀಲಲಿಗೆ ಕಡೆ. ಕನಕ ಮಾರ್ಗದ ಉಪನಗರ ರೈಲು ಶುರುವಾದರೆ ಮೇಲಿಂದ ಮೇಲೆ ರೈಲು ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ನಿಮಿಷಕ್ಕೊಂದು ಬಂದರೆ ಹಾಗೆನ್ನಬಹುದು? ಮುಂಬೈಯಂತೆ 3 ನಿಮಿಷಕ್ಕೊಂದು ಬೇಕೇ, ಅರ್ಧ ಗಂಟೆಗೊಂದು ಸಾಕೇ? ದಿನಕ್ಕೆ ಇಷ್ಟು ರೈಲು ಎಂದು ಕೊಡುವ ಲೆಕ್ಕವನ್ನು ನಂಬಬಹುದೇ?

ಉತ್ತರ: ನಗರದೊಳಗಿನ ದಿನನಿತ್ಯದ ಓಡಾಟಕ್ಕಾದರೆ 10 ನಿಮಿಷ. ಅದೂ ಬೆಳಿಗ್ಗೆ ಆಫೀಸಿನ ಹೊತ್ತಿಗೆ ಮಾತ್ರವಲ್ಲ, ಮಧ್ಯಾಹ್ನ ಎರಡಕ್ಕೂ ರಾತ್ರಿ ಒಂಬತ್ತಕ್ಕೂ. 15 ನಿಮಿಷಕ್ಕೊಂದಾದರೂ ನಡೆಯುತ್ತದೆ, ಆದರೆ ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ ಬರಬೇಕು. 20 ದಾಟಿತೆಂದರೆ ಜನ ವೇಳಾಪಟ್ಟಿ ನೋಡಿಯೇ ಮನೆ ಬಿಡುತ್ತಾರೆ. ಅರ್ಧ ಗಂಟೆಗೊಂದು ರೈಲು ಬೆಂಗಳೂರು–ತುಮಕೂರಿಗೆ ಒಳ್ಳೆಯ ಸೇವೆ. ಹೀಲಲಿಗೆಯಿಂದ ಮಾರತಹಳ್ಳಿಗೆ ಹೋಗುವವರಿಗೆ ಅದು ಇದ್ದೂ ಇಲ್ಲದಂತೆ. ದಿನಕ್ಕೆ ಇಷ್ಟು ರೈಲು ಎಂಬ ಲೆಕ್ಕವನ್ನು ಮಾತ್ರ ನಂಬಬೇಡಿ.

10ರ ಗಡಿ ಎಲ್ಲಿಂದ ಬಂತು ಎಂದರೆ, ಪ್ರಯಾಣಿಕರ ನಡವಳಿಕೆಯಿಂದ. ರೈಲುಗಳ ನಡುವಿನ ಅಂತರ ಹತ್ತು ನಿಮಿಷದ ಆಸುಪಾಸಿನೊಳಗೆ ಇದ್ದಾಗ ಜನ ಗಡಿಯಾರ ನೋಡುವುದನ್ನು ಬಿಟ್ಟು ಸೀದಾ ನಿಲ್ದಾಣಕ್ಕೆ ಬರುತ್ತಾರೆ. ಹಾಗೆ ಬಂದವರು ಸರಾಸರಿ ಅಂತರದ ಅರ್ಧದಷ್ಟು ಹೊತ್ತು, ಎಂದರೆ 5 ನಿಮಿಷ ಕಾಯುತ್ತಾರೆ. ಅದು ಯಾರಿಗೂ ಹೊರೆ ಅನ್ನಿಸುವುದಿಲ್ಲ. ಅಂತರ ಹೆಚ್ಚಾದಂತೆ ಜನ ಸಮಯ ನೋಡಿಕೊಂಡು ಬರತೊಡಗುತ್ತಾರೆ. 30 ನಿಮಿಷಕ್ಕೊಂದು ರೈಲಿರುವ ಕಡೆ ಪ್ಲಾಟ್‌ಫಾರ್ಮಿನಲ್ಲಿ ಐದಾರು ನಿಮಿಷವಷ್ಟೇ ನಿಲ್ಲುತ್ತಾರೆ ನಿಜ. ಉಳಿದ ಸಮಯ ಎಲ್ಲಿಗೂ ಹೋಗಿರುವುದಿಲ್ಲ, ಮನೆಯಲ್ಲೋ ಆಫೀಸಿನಲ್ಲೋ ಕಳೆದಿರುತ್ತದೆ: 6.05ಕ್ಕೆ ಕೆಲಸ ಮುಗಿದವರು 6.30ರ ರೈಲಿಗಾಗಿ ಕುರ್ಚಿಯಲ್ಲಿ ಕೂತಿರುತ್ತಾರೆ. ಪ್ಲಾಟ್‌ಫಾರ್ಮಿನಲ್ಲಿ ಕಾದ ಸಮಯವನ್ನಷ್ಟೇ ಅಳೆದು ಸೇವೆ ಚೆನ್ನಾಗಿದೆ ಎಂದು ಬರೆಯುವ ವರದಿಗಳಲ್ಲಿ ಈ ಸಮಯದ ಲೆಕ್ಕ ಇರುವುದಿಲ್ಲ.

ಅಮೆರಿಕದ ಸಾರಿಗೆ ಎಂಜಿನಿಯರ್‌ಗಳು ಬಳಸುವ ಕೈಪಿಡಿಯೊಂದರ 2003ರ ಆವೃತ್ತಿ ನಗರ ಸಾರಿಗೆಗೆ ಶಾಲೆಯಲ್ಲಿ ಕೊಡುವಂತೆ ದರ್ಜೆ ಕೊಟ್ಟಿದೆ. 10 ನಿಮಿಷಕ್ಕಿಂತ ಕಡಿಮೆ ಅಂತರವಾದರೆ ಎ, 10ರಿಂದ 14 ಬಿ, 15ರಿಂದ 20 ಸಿ, 21ರಿಂದ 30 ಡಿ, ಒಂದು ಗಂಟೆಯವರೆಗೆ ಇ, ಅದಕ್ಕೂ ಮೇಲಾದರೆ ಎಫ್. ಎ ದರ್ಜೆಗೆ ಅಲ್ಲಿರುವ ವಿವರಣೆಯೂ ಇದೇ: ಪ್ರಯಾಣಿಕರಿಗೆ ವೇಳಾಪಟ್ಟಿ ಬೇಕಾಗುವುದಿಲ್ಲ.

ಇನ್ನು ದಿನಕ್ಕೆ ಇಷ್ಟು ರೈಲು ಎಂಬ ಲೆಕ್ಕ. ಒಂದು ಗಂಟೆಯಲ್ಲಿ ನಾಲ್ಕು ರೈಲು ಎಂದಿಟ್ಟುಕೊಳ್ಳಿ. ಸಮನಾಗಿ ಹಂಚಿದರೆ 15 ನಿಮಿಷಕ್ಕೊಂದು, ಸರಾಸರಿ ಕಾಯುವಿಕೆ ಏಳೂವರೆ ನಿಮಿಷ. ಅವೇ ನಾಲ್ಕು ರೈಲು 9.00, 9.05, 9.10, 9.15ಕ್ಕೆ ಹೊರಟು ಮುಂದಿನದು 10.00ಕ್ಕೆ ಇದ್ದರೆ? ಅಂತರಗಳು 5, 5, 5, 45. ಇಲ್ಲಿ ಸರಾಸರಿ ಕಾಯುವಿಕೆ ಕಂಡುಹಿಡಿಯಲು ಪ್ರತಿ ಅಂತರದ ವರ್ಗ ತೆಗೆದು ಕೂಡಿಸಿ, ಒಟ್ಟು ಅಂತರದ ಎರಡರಷ್ಟರಿಂದ ಭಾಗಿಸಬೇಕು: 25, 25, 25, 2025 ಕೂಡಿದರೆ 2100, ಅದನ್ನು 120ರಿಂದ ಭಾಗಿಸಿದರೆ 17.5 ನಿಮಿಷ. ರೈಲಿನ ಸಂಖ್ಯೆ ಅಷ್ಟೇ, ಕಾಯುವಿಕೆ ಎರಡು ಪಟ್ಟಿಗೂ ಹೆಚ್ಚು. ಕಾರಣ ಸರಳ, ದೊಡ್ಡ ಅಂತರದೊಳಗೇ ಹೆಚ್ಚು ಜನ ಬಂದು ಸಿಕ್ಕಿಬೀಳುತ್ತಾರೆ. ಬೆಂಗಳೂರು–ವೈಟ್‌ಫೀಲ್ಡ್ ಹಳಿಯ ಮೇಲೆ ಈಗಲೂ ದಿನವಿಡೀ ಎಕ್ಸ್‌ಪ್ರೆಸ್, ಮೆಮು (ಹತ್ತಿರದ ಊರುಗಳಿಗೆ ಓಡುವ ವಿದ್ಯುತ್ ರೈಲು) ಎಲ್ಲ ಸೇರಿ ಬೇಕಾದಷ್ಟು ರೈಲು ಓಡುತ್ತವೆ. ಆದರೂ ಅದನ್ನು ನಗರ ಸೇವೆ ಎಂದು ಯಾರೂ ಕರೆಯದಿರುವುದಕ್ಕೆ ಇದೇ ಕಾರಣ. ದೇವನಹಳ್ಳಿ ಮಾರ್ಗದಲ್ಲಿ ವಿಮಾನ ನಿಲ್ದಾಣದ ಹಾಲ್ಟ್ ಸ್ಟೇಷನ್ 2021ರ ಜನವರಿಯಲ್ಲೇ ತೆರೆಯಿತು. ವಿಮಾನಗಳು ಹಗಲೂ ರಾತ್ರಿ ಇಳಿಯುತ್ತವೆ, ರೈಲುಗಳು ಬೆರಳೆಣಿಕೆಯಷ್ಟು. ಅಲ್ಲಿ ಜನವಿಲ್ಲ ಎಂದು ದೂರುವುದರಲ್ಲಿ ಅರ್ಥವಿಲ್ಲ.

ಮುಂಬೈಯ ಮಾತಿಗೆ ಬರೋಣ. ಅಲ್ಲಿ ಪಶ್ಚಿಮ ರೈಲ್ವೆಯೊಂದೇ ದಿನಕ್ಕೆ ಸುಮಾರು 1,400 ಲೋಕಲ್ ಓಡಿಸುತ್ತದೆ, ಮಧ್ಯ ರೈಲ್ವೆ ಸುಮಾರು 1,800. ಪೀಕ್ ಹೊತ್ತಿನಲ್ಲಿ ಒಂದೇ ಹಳಿಯ ಮೇಲೆ ಮೂರು ನಿಮಿಷಕ್ಕೊಂದು. ಆ ಮೂರು ನಿಮಿಷ ಇರುವುದು ಕಾಯುವವರ ಅನುಕೂಲಕ್ಕಲ್ಲ. ಅಷ್ಟು ರೈಲು ಬಿಡದಿದ್ದರೆ ಅಷ್ಟು ಜನರನ್ನು ಸಾಗಿಸಲು ಆಗುವುದಿಲ್ಲ. ಕಾಯುವ ದೃಷ್ಟಿಯಿಂದ ನೋಡಿದರೆ 6 ನಿಮಿಷವನ್ನು 3ಕ್ಕೆ ಇಳಿಸಿದಾಗ ಪ್ರಯಾಣಿಕನಿಗೆ ಉಳಿಯುವುದು ಒಂದೂವರೆ ನಿಮಿಷ. 30ನ್ನು 15ಕ್ಕೆ ಇಳಿಸಿದರೆ ಏಳೂವರೆ. ಆದ್ದರಿಂದ ಹೊಸ ಮಾರ್ಗವೊಂದು ಮುಂಬೈಯ ಜೊತೆ ಪೈಪೋಟಿಗೆ ಇಳಿಯಬೇಕಿಲ್ಲ, ದುಡ್ಡಿದ್ದರೆ 30ರಿಂದ 10ಕ್ಕೆ ಇಳಿಯಲು ಹಾಕಬೇಕು.

ಅಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೂರು ನಿಮಿಷಕ್ಕೊಂದು ಲೋಕಲ್ ಇರುವ ಊರಿನ ಜನ ತಮ್ಮ ರೈಲನ್ನು ಸಮಯದಿಂದಲೇ ಗುರುತಿಸುತ್ತಾರೆ, 8.17ರ ಫಾಸ್ಟ್ ಎನ್ನುವ ಹಾಗೆ. ಚರ್ಚ್‌ಗೇಟಿನಿಂದ ಹೊರಡುವ ಒಂದು ಲೋಕಲ್ ಅಂಧೇರಿಗೆ ಮುಗಿಯುತ್ತದೆ, ಇನ್ನೊಂದು ಬೋರಿವಲಿಗೆ, ಮತ್ತೊಂದು ವಿರಾರ್‌ಗೆ. ಒಂದು ಸ್ಲೋ, ಒಂದು ಫಾಸ್ಟ್. ವಿರಾರ್‌ಗೆ ಹೋಗುವವರಿಗೆ ಅಂಧೇರಿ ಸ್ಲೋ ಬಂದೂ ಪ್ರಯೋಜನವಿಲ್ಲ. ಪ್ಲಾಟ್‌ಫಾರ್ಮಿಗೆ ಎಷ್ಟು ರೈಲು ಬಂದವು ಎನ್ನುವುದು ಬೇರೆ, ನೀವು ಹತ್ತಬಹುದಾದವು ಎಷ್ಟು ಎನ್ನುವುದು ಬೇರೆ. ಜರ್ಮನಿಯ ಮ್ಯೂನಿಕ್‌ನಲ್ಲೂ ಹೀಗೆಯೇ: ನಗರದ ಮಧ್ಯದ ಸುರಂಗದಲ್ಲಿ ಪೀಕ್ ಹೊತ್ತಿಗೆ ಒಂದು ದಿಕ್ಕಿನಲ್ಲಿ ಗಂಟೆಗೆ 30 ರೈಲು ಹಾಯುತ್ತವೆ, ಆದರೆ ಅವು ಹೊರವಲಯದಲ್ಲಿ ಕವಲೊಡೆದ ಮೇಲೆ ಒಂದೊಂದು ಕವಲಿಗೆ ಸಿಗುವ ಮೂಲ ಸೇವೆ 20 ನಿಮಿಷಕ್ಕೊಂದು. ಮಾರ್ಗ ಕವಲೊಡೆಯುತ್ತದೆ ಎಂದಾದರೆ ನಡುವಿನ ಭಾಗದ ಸಂಖ್ಯೆ ಕೇಳಿ ಖುಷಿಪಡದೆ ನಿಮ್ಮ ಕವಲಿನದ್ದು ಕೇಳಿ.

ರೈಲಿನ ಅಂತರವನ್ನು ನಿರ್ಧರಿಸುವ ಲೆಕ್ಕಕ್ಕೆ ನಮ್ಮೂರಿನದೇ ಚೊಕ್ಕ ಉದಾಹರಣೆಯಿದೆ. ಅದು ಮೆಟ್ರೊ, ಆದರೆ ಲೆಕ್ಕ ಎರಡಕ್ಕೂ ಒಂದೇ. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆ–ಬೊಮ್ಮಸಂದ್ರ ಹಳದಿ ಮಾರ್ಗ ಶುರುವಾದಾಗ ಇದ್ದದ್ದು ಮೂರು ರೈಲು, ಅಂತರ 25 ನಿಮಿಷ. ನಾಲ್ಕನೆಯದು ಬಂದಾಗ 19 ಆಯಿತು, ಐದನೆಯದು ಬಂದಾಗ 15. ಈ ಸಂಖ್ಯೆಗಳು ಯಾರೋ ಮನಸ್ಸಿಗೆ ಬಂದಂತೆ ಇಟ್ಟವಲ್ಲ. 19 ಕಿ.ಮೀ. ಚಿಲ್ಲರೆ ಮಾರ್ಗಕ್ಕೆ ಒಂದು ಕಡೆಗೆ ಸುಮಾರು 35 ನಿಮಿಷ, ಹೋಗಿ ಬರಲು 70, ಎರಡು ತುದಿಗಳಲ್ಲಿ ತಿರುಗಲು ಐದು ನಿಮಿಷ ಸೇರಿಸಿದರೆ 75. ಎಪ್ಪತ್ತೈದನ್ನು ಮೂರರಿಂದ ಭಾಗಿಸಿ, 25. ನಾಲ್ಕರಿಂದ, 18.75. ಐದರಿಂದ, 15. ಒಂದು ಸುತ್ತಿನ ಸಮಯವನ್ನು ರೈಲಿನ ಸಂಖ್ಯೆಯಿಂದ ಭಾಗಿಸಿದರೆ ಅಂತರ, ಇಷ್ಟೇ ಸೂತ್ರ. ಯಾವುದೇ ಮಾರ್ಗದ ಬಗ್ಗೆ ಭರವಸೆ ಕೊಟ್ಟಾಗ ಎಷ್ಟು ರೈಲು ಕೊಳ್ಳುತ್ತಿದ್ದಾರೆ ಎಂದು ನೋಡಿದರೆ ಸಾಕು, ಅಂತರ ಎಷ್ಟಾಗಬಹುದು ಎಂಬುದನ್ನು ನೀವೇ ಹೇಳಬಹುದು.

ಉಪನಗರ ಯೋಜನೆಯ ಮಲ್ಲಿಗೆ ಮಾರ್ಗಕ್ಕೆ, ಎಂದರೆ ಬೈಯಪ್ಪನಹಳ್ಳಿ–ಚಿಕ್ಕಬಾಣಾವರ ನಡುವಿನ ಸುಮಾರು 25 ಕಿ.ಮೀ.ಗೆ ಇದೇ ಲೆಕ್ಕ ಹಾಕೋಣ. ನಿಲುಗಡೆಗಳೂ ಸೇರಿ ಸರಾಸರಿ ವೇಗ ಗಂಟೆಗೆ 35 ಕಿ.ಮೀ. ಎಂದು ಹಿಡಿದರೆ ಒಂದು ಕಡೆಗೆ 43 ನಿಮಿಷ. ತುದಿಯಲ್ಲಿ ಎಂಟೆಂಟು ನಿಮಿಷ ನಿಂತರೆ ಒಂದು ಸುತ್ತು 102 ನಿಮಿಷ. 10 ನಿಮಿಷದ ಅಂತರಕ್ಕೆ 10.2 ರೈಲು ಬೇಕು. ಆದರೆ ಕಾಲು ರೈಲು, ಅರ್ಧ ರೈಲು ಎಂಬುದಿಲ್ಲ, 11 ಬೇಕಾಗುತ್ತದೆ. ಇಲ್ಲವೇ ತಿರುಗುವ ಸಮಯವನ್ನು ಒಂದೊಂದು ನಿಮಿಷ ಕಡಿತ ಮಾಡಿ ಸುತ್ತನ್ನು 100ಕ್ಕೆ ತಂದರೆ 10 ರೈಲಿನಲ್ಲೇ ಆಗುತ್ತದೆ. ಎರಡು ನಿಮಿಷ ಉಳಿಸಿದ್ದಕ್ಕೆ ಒಂದಿಡೀ ರೈಲು ಉಳಿಯಿತು! ವೇಳಾಪಟ್ಟಿ ಮಾಡುವವರ ತಲೆನೋವೂ ಜಾಣತನವೂ ಇರುವುದು ಇಲ್ಲೇ. ಇದಕ್ಕೆ ದುರಸ್ತಿ, ತಪಾಸಣೆಯಲ್ಲಿರುವ ಒಂದೆರಡನ್ನು ಹೆಚ್ಚುವರಿಯಾಗಿ ಸೇರಿಸಬೇಕು. ಹೆಚ್ಚುವರಿ ರೈಲು ಇಡದೆ ಇದ್ದದ್ದನ್ನೆಲ್ಲ ಓಡಿಸುವ ಮಾರ್ಗದಲ್ಲಿ ಒಂದು ಕೆಟ್ಟ ದಿನವೇ ಅಂತರ ಹರಿದುಹೋಗುತ್ತದೆ.

ರೈಲುಗಳಿಗೆ ದುಡ್ಡೆಲ್ಲಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಗ ಕೇಳಬೇಕಾದದ್ದು ಬೋಗಿಗಳ ಸಂಖ್ಯೆ. ಪೀಕ್ ಹೊತ್ತಿನಲ್ಲಿ ಒಂದು ದಿಕ್ಕಿಗೆ ಗಂಟೆಗೆ 9,000 ಜನ, ಒಂದು ಬೋಗಿಗೆ ನಿಂತವರೂ ಸೇರಿ 250 ಜನ ಎಂದು ಹಿಡಿದರೆ, 12 ಬೋಗಿಯ ರೈಲು 20 ನಿಮಿಷಕ್ಕೊಂದು ಬಿಟ್ಟರೂ ಸರಿ, 6 ಬೋಗಿಯದು 10 ನಿಮಿಷಕ್ಕೊಂದು ಬಿಟ್ಟರೂ ಸರಿ. ಬೋಗಿಗಳ ಒಟ್ಟು ಸಂಖ್ಯೆ ಒಂದೇ. ಎರಡನೆಯದಕ್ಕೆ ಲೋಕೋ ಪೈಲಟ್‌ಗಳು ಹೆಚ್ಚು ಬೇಕು, ಮೋಟಾರು ಮತ್ತು ಚಾಲಕನ ಕ್ಯಾಬಿನ್ ಇರುವ ಬೋಗಿಗಳೂ ಹೆಚ್ಚು ಬೇಕು, ಅಷ್ಟೇ ಹೆಚ್ಚಿನ ಖರ್ಚು. ಪ್ಲಾಟ್‌ಫಾರ್ಮಿನ ಉದ್ದ ಅರ್ಧಕ್ಕೆ ಇಳಿಯುವುದರಿಂದ ಅದರಲ್ಲಿ ಒಂದು ಪಾಲು ವಾಪಸು ಬರುತ್ತದೆ. ಆದರೂ ಉದ್ದ ರೈಲನ್ನು ಅಪರೂಪಕ್ಕೆ ಬಿಡುವ ಹಳೆಯ ಅಭ್ಯಾಸ ನಮ್ಮಲ್ಲಿ ಗಟ್ಟಿಯಾಗಿದೆ. ದೂರದ ಎಕ್ಸ್‌ಪ್ರೆಸ್‌ಗಳನ್ನು ಓಡಿಸುವವರ ಲೆಕ್ಕ ಅದು, ನಗರದೊಳಗೆ ಅದಕ್ಕೆ ಕೆಲಸವಿಲ್ಲ.

ರೈಲು ಕೊಂಡರೂ ಹಳಿ ಒಪ್ಪಬೇಕಲ್ಲ. ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. ಸಿಂಗಲ್ ಲೈನಿನಲ್ಲಿ ಎದುರಿನ ರೈಲು ಕ್ರಾಸಿಂಗ್ ಸ್ಟೇಷನ್ನಿಗೆ, ಎಂದರೆ ಎದುರುಬದುರು ರೈಲುಗಳು ಒಂದನ್ನೊಂದು ದಾಟುವ ನಿಲ್ದಾಣಕ್ಕೆ, ಬರುವ ತನಕ ನಿಮ್ಮದು ಹೊರಡುವಂತಿಲ್ಲ. ಎರಡು ಕ್ರಾಸಿಂಗ್ ಸ್ಟೇಷನ್‌ಗಳ ನಡುವೆ ಓಟಕ್ಕೆ 8 ನಿಮಿಷ, ಲೈನ್ ಕ್ಲಿಯರ್ (ಮುಂದಿನ ಹಳಿ ಖಾಲಿಯಿದೆ ಎಂಬ ಒಪ್ಪಿಗೆ) ಪಡೆದು ಸಿಗ್ನಲ್ ಕೊಡಲು 3 ನಿಮಿಷ ಎಂದರೆ ಒಂದು ಹೋಗಿ ಒಂದು ಬರಲು 22 ನಿಮಿಷ. ಅಂದರೆ ಒಂದೊಂದು ದಿಕ್ಕಿಗೆ 22 ನಿಮಿಷಕ್ಕೊಂದು, ಅದೂ ಬೇರೆ ಯಾವ ರೈಲೂ ಅಡ್ಡ ಬರದಿದ್ದರೆ. 10 ನಿಮಿಷದ ಸೇವೆಗೆ ಡಬಲ್ ಲೈನ್ ಬೇಕೇ ಬೇಕು ಎನ್ನುವುದು ಇದಕ್ಕೆ.

ಡಬಲ್ ಲೈನ್ ಇದ್ದೂ ಅದರ ಮೇಲೆ ಎಕ್ಸ್‌ಪ್ರೆಸ್‌ಗಳೂ ಓಡಿದರೆ ಏನಾಗುತ್ತದೆ ನೋಡಿ. 20 ಕಿ.ಮೀ. ಉದ್ದದ ತುಂಡಿನಲ್ಲಿ ಎಲ್ಲ ಕಡೆ ನಿಲ್ಲುವ ಲೋಕಲ್‌ಗೆ 34 ನಿಮಿಷ, ನಿಲ್ಲದ ಎಕ್ಸ್‌ಪ್ರೆಸ್‌ಗೆ 18. ಲೋಕಲ್ 9.00ಕ್ಕೆ ಹೊರಟು 9.34ಕ್ಕೆ ಆ ತುದಿ ಮುಟ್ಟುತ್ತದೆ. ಎಕ್ಸ್‌ಪ್ರೆಸ್ ಅದರ ಬಾಲಕ್ಕೆ ಬಡಿಯದೆ 5 ನಿಮಿಷ ಬಿಟ್ಟು 9.39ಕ್ಕೆ ಮುಟ್ಟಬೇಕಾದರೆ 9.21ಕ್ಕಿಂತ ಮುಂಚೆ ಹೊರಡುವಂತಿಲ್ಲ. ಅದು ಹೋದ 5 ನಿಮಿಷಕ್ಕೆ, 9.26ಕ್ಕೆ ಮುಂದಿನ ಲೋಕಲ್. ಒಂದೇ ಒಂದು ಎಕ್ಸ್‌ಪ್ರೆಸ್ 26 ನಿಮಿಷದ ಕಂದಕ ತೋಡಿ ಹೋಯಿತು. ಅದೇ ರೈಲು 10 ನಿಮಿಷ ತಡವಾಗಿ ಬಂದರೆ ಕಂದಕವೂ 10 ನಿಮಿಷ ಅಗಲವಾಗುತ್ತದೆ, ಇಲ್ಲವೇ ಲೋಕಲ್ಲನ್ನು ನಿಲ್ದಾಣದ ಪಕ್ಕದ ಹಳಿಗೆ, ಲೂಪ್ ಲೈನಿಗೆ ಹಾಕಿ ಎಕ್ಸ್‌ಪ್ರೆಸ್ ಬಿಡುತ್ತಾರೆ. ಲೋಕಲ್ ಒಳಗೆ ಕೂತವರಿಗೆ ಏಕೆ ನಿಂತಿದೆ ಎಂದು ಯಾರೂ ಹೇಳುವುದಿಲ್ಲ. ಬೆಂಗಳೂರಿನ ಉಪನಗರ ಯೋಜನೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂಬ ನಾಲ್ಕು ಮಾರ್ಗಗಳಿಗೆ ಸುಮಾರು 148 ಕಿ.ಮೀ. ಪ್ರತ್ಯೇಕ ಹಳಿ ಹಾಕಲು ಹೊರಟಿರುವುದಕ್ಕೆ, 2020ರಲ್ಲಿ 15,767 ಕೋಟಿ ರೂಪಾಯಿ ಅಂದಾಜಿಗೆ ಒಪ್ಪಿಗೆ ಸಿಕ್ಕಿದ್ದಕ್ಕೆ ಮೂಲ ಕಾರಣಗಳಲ್ಲಿ ಇದು ಮುಖ್ಯವಾದದ್ದು. ಇರುವ ಹಳಿಯ ಮೇಲೆಯೇ ನಾಲ್ಕು ಮೆಮು ಹೆಚ್ಚು ಬಿಟ್ಟರೆ ಸಾಲದೇ ಎಂದು ಕೇಳುವವರು ಮೇಲಿನ 26 ನಿಮಿಷಕ್ಕೆ ಉತ್ತರ ಕೊಡಬೇಕು.

ಲೆವೆಲ್ ಕ್ರಾಸಿಂಗ್ ಗೇಟು ಇನ್ನೊಂದು ಅಡ್ಡಿ. 10 ನಿಮಿಷಕ್ಕೊಂದು ಎಂದರೆ ಎರಡೂ ದಿಕ್ಕು ಸೇರಿ ಗಂಟೆಗೆ 12 ರೈಲು. ಒಂದೊಂದಕ್ಕೆ 4 ನಿಮಿಷ ಗೇಟು ಹಾಕಿದರೂ 48 ನಿಮಿಷ ಮುಚ್ಚಿರುತ್ತದೆ. ರಸ್ತೆಯವರಿಗೆ ಉಳಿಯುವುದು ಗಂಟೆಗೆ 12 ನಿಮಿಷ. ಸ್ಕೂಟರು, ಬಸ್ಸು, ಟಿಪ್ಪರು ಅಷ್ಟರಲ್ಲಿ ಖಾಲಿಯಾಗುವುದಿಲ್ಲ, ಗೇಟು ಮುಚ್ಚಲು ಬಿಡುವುದಿಲ್ಲ, ಗೇಟು ಮುಚ್ಚದೆ ಸಿಗ್ನಲ್ ಬೀಳುವುದಿಲ್ಲ. ಮೇಲ್ಸೇತುವೆಯೋ ಕೆಳಸೇತುವೆಯೋ ಆಗುವ ಮುನ್ನ 10 ನಿಮಿಷದ ಮಾತಾಡುವುದು ವ್ಯರ್ಥ.

ತುದಿಯ ನಿಲ್ದಾಣವನ್ನೂ ನೋಡಬೇಕು. ರೈಲು ಬಂದು ನಿಂತ ಮೇಲೆ ಲೋಕೋ ಪೈಲಟ್ ಒಂದು ಕ್ಯಾಬಿನ್ ಮುಚ್ಚಿ, ಉದ್ದಕ್ಕೂ ನಡೆದು ಇನ್ನೊಂದು ತುದಿಗೆ ಹೋಗಿ, ಬ್ರೇಕು ಪರೀಕ್ಷಿಸಿ ಹೊರಡಲು 12 ಬೋಗಿಯ ರೈಲಿಗೆ 8 ನಿಮಿಷ ಹಿಡಿದರೆ ಹೆಚ್ಚಲ್ಲ. ರೈಲು 250 ಮೀಟರಿನಷ್ಟು ಉದ್ದ ಇರುತ್ತದೆ. ಒಳಗೆ ಬರಲು, ಹೊರಗೆ ಹೋಗಲು ಇನ್ನೆರಡು ನಿಮಿಷ. ಒಂದೇ ಪ್ಲಾಟ್‌ಫಾರ್ಮ್ ಇದ್ದರೆ 10 ನಿಮಿಷದ ಅಂತರದಲ್ಲಿ ಒಂದು ಸೆಕೆಂಡೂ ಬಿಡುವಿಲ್ಲ, ಬೆಳಿಗ್ಗೆ ಎಂಟರ ರೈಲು ಎರಡು ನಿಮಿಷ ತಡವಾದರೆ ಆ ತಡ ಹನ್ನೊಂದರವರೆಗೂ ಹರಿದು ಬರುತ್ತದೆ. ಎರಡು ಪ್ಲಾಟ್‌ಫಾರ್ಮ್ ಬೇಕು. ಜಾಗ ಇಲ್ಲದಿದ್ದರೆ ಬೇರೊಂದು ಉಪಾಯ: ಮುಂದಿನ ಪೈಲಟ್ ಮೊದಲೇ ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ ಕಾದಿದ್ದು, ರೈಲು ನಿಂತ ಕೂಡಲೇ ಕ್ಯಾಬಿನ್ ಹತ್ತುವುದು; ಇಳಿದವನು ಮುಂದಿನ ರೈಲಿಗೆ. ಚರ್ಚ್‌ಗೇಟಿನಂಥ ಕಡೆ ಬರೀ ನಾಲ್ಕು ಪ್ಲಾಟ್‌ಫಾರ್ಮಿನಲ್ಲಿ ಅಷ್ಟು ಲೋಕಲ್ ತಿರುಗಿಸಲು ನಿಮಿಷ ನಿಮಿಷವನ್ನೂ ಹೀಗೆ ಹಿಂಡಿ ತೆಗೆಯಬೇಕಾಗುತ್ತದೆ.

ರೈಲು ಬದಲಿಸುವವರ ಪಾಡು ಇನ್ನೂ ಬೇರೆ. ನೀವು ಹೀಲಲಿಗೆಯಲ್ಲಿ ಕನಕ ಹತ್ತಿ ಯಲಹಂಕದಲ್ಲಿ ಸಂಪಿಗೆ ಹಿಡಿದು ದೇವನಹಳ್ಳಿ ಕಡೆಗೆ ಹೋಗುವಿರಿ ಎನ್ನಿ. ಎರಡೂ 10 ನಿಮಿಷಕ್ಕೊಂದಾದರೆ ಒಟ್ಟು ಸರಾಸರಿ ಕಾಯುವಿಕೆ 10 ನಿಮಿಷ, ಕೆಟ್ಟ ದಿನ 20. ಎರಡೂ 30 ನಿಮಿಷಕ್ಕೊಂದಾದರೆ ಸರಾಸರಿ 30, ಕೆಟ್ಟ ದಿನ ಒಂದು ಗಂಟೆ. ಅಂತರ ದೊಡ್ಡದಿರಲೇಬೇಕಾದ ಕಡೆ ಸ್ವಿಟ್ಜರ್‌ಲೆಂಡಿನವರು 1982ರಿಂದ ಇಡೀ ದೇಶಕ್ಕೆ ಮಾಡಿಕೊಂಡ ಕ್ರಮ ಕೆಲಸಕ್ಕೆ ಬರುತ್ತದೆ: ಪ್ರತಿ ಗಂಟೆಯೂ ರೈಲುಗಳು ಅದೇ ನಿಮಿಷಕ್ಕೆ ಬರುತ್ತವೆ, ಜಂಕ್ಷನ್ನಿನಲ್ಲಿ ಎಲ್ಲ ಕಡೆಯವು ಹೆಚ್ಚುಕಡಿಮೆ ಒಟ್ಟಿಗೆ ಸೇರಿ, ಜನ ಬದಲಿಸಿದ ಮೇಲೆ ಒಟ್ಟಿಗೆ ಬಿಡುತ್ತವೆ. ಅದಕ್ಕೆ ಸಮಯಪಾಲನೆಯ ಶಿಸ್ತು ಬೇಕು. ಒಂದು ಐದು ನಿಮಿಷ ತಡವಾದರೆ ಮುಂದಿನ ಅರ್ಧ ಗಂಟೆ ಹೋಯಿತು. ಆ ಶಿಸ್ತು ಇಲ್ಲದ ಕಡೆ ರೈಲು ಹೆಚ್ಚು ಬಿಡುವುದೇ ಸುಲಭದ ದಾರಿ, ಏಕೆಂದರೆ 10 ನಿಮಿಷದ ಸೇವೆಯಲ್ಲಿ ಒಂದು ರೈಲು ರದ್ದಾದರೆ ಅಂತರ 20 ಆಗುತ್ತದೆ ಅಷ್ಟೇ. 30ರ ಸೇವೆಯಲ್ಲಿ ಒಂದು ರದ್ದಾದರೆ ಪ್ರಯಾಣಿಕ ಆಟೊ ಹಿಡಿದು ಹೋಗುತ್ತಾನೆ, ಮರುದಿನ ಬರುವುದೂ ಇಲ್ಲ.

ಪೀಕ್ ಹೊತ್ತಿಗೆ 10, ಉಳಿದ ಹೊತ್ತಿಗೆ 30 ಎಂಬ ವೇಳಾಪಟ್ಟಿ ಬಂದರೆ ಒಪ್ಪಿಕೊಳ್ಳಬೇಡಿ ಎನ್ನುವುದು ನಮ್ಮ ಸಲಹೆ. ಬೆಳಿಗ್ಗೆ ರೈಲಿನಲ್ಲಿ ಹೋದವರು ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಬರಬಹುದು, ಗಾರ್ಮೆಂಟ್ಸ್ ಮತ್ತು ಐಟಿಯಲ್ಲಿ ಪಾಳಿ ರಾತ್ರಿ ಹತ್ತಕ್ಕೆ ಬಿಡಬಹುದು. ವಾಪಸು ಬರುವುದು ಖಾತ್ರಿ ಇಲ್ಲದಿದ್ದರೆ ಅವರು ಹೋಗುವಾಗಲೇ ಸ್ಕೂಟರ್ ತೆಗೆಯುತ್ತಾರೆ. ಪೀಕ್‌ಗೆಂದು ಕೊಂಡ ರೈಲು ಮಧ್ಯಾಹ್ನ ಡಿಪೊದಲ್ಲಿ ಸುಮ್ಮನೆ ನಿಂತಿರುತ್ತದೆ. ಅದನ್ನು ಓಡಿಸಲು ಬೇಕಾದದ್ದು ಸಿಬ್ಬಂದಿ ಮತ್ತು ವಿದ್ಯುತ್ತು, ಹೊಸ ಬಂಡವಾಳವಲ್ಲ. ಮಧ್ಯಾಹ್ನದ ಅಂತರವನ್ನು 15 ನಿಮಿಷಕ್ಕಿಂತ ಹೆಚ್ಚಿಸಲು ಇದರಾಚೆ ಕಾರಣ ಹೇಳಲಿ.

ಸಾರ್ವಜನಿಕ ಸಭೆಯಲ್ಲೋ ಮಾಹಿತಿ ಹಕ್ಕಿನ ಅರ್ಜಿಯಲ್ಲೋ ಕೇಳುವುದಾದರೆ ಒಟ್ಟು ರೈಲುಗಳ ಸಂಖ್ಯೆ ಕೇಳಬೇಡಿ. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ನಿಮ್ಮ ನಿಲ್ದಾಣದಲ್ಲಿ, ಒಂದು ದಿಕ್ಕಿಗೆ, ಎರಡು ರೈಲುಗಳ ನಡುವಿನ ಅತಿ ದೊಡ್ಡ ಅಂತರ ಎಷ್ಟು ಎಂದು ಕೇಳಿ. ಭಾನುವಾರದ್ದನ್ನು ಬೇರೆಯಾಗಿ ಕೇಳಿ. ಎಷ್ಟು ರೈಲು ಕೊಳ್ಳುತ್ತಾರೆ, ಅದರಲ್ಲಿ ಹೆಚ್ಚುವರಿ ಎಷ್ಟು, ಒಂದು ಸುತ್ತಿಗೆ ಎಷ್ಟು ನಿಮಿಷ ಹಿಡಿದಿದ್ದಾರೆ ಎನ್ನುವುದು ಸಿಕ್ಕರೆ ಭಾಗಾಕಾರ ನೀವೇ ಮಾಡಿಕೊಳ್ಳಬಹುದು. ಸೇವೆ ಶುರುವಾದ ಮೇಲೆ ಬೆಳಿಗ್ಗೆ 9ರಿಂದ 10, ಮಧ್ಯಾಹ್ನ 2ರಿಂದ 3, ರಾತ್ರಿ 9ರಿಂದ 10, ಮೂರು ಹೊತ್ತು ರೈಲು ಹೊರಟ ನಿಜವಾದ ನಿಮಿಷಗಳನ್ನು ಬರೆದುಕೊಂಡು ಮೇಲಿನ ವರ್ಗದ ಸೂತ್ರ ಹಾಕಿ. ಉತ್ತರ 5ರಿಂದ 6 ನಿಮಿಷದೊಳಗೆ ಬಂದರೆ ವೇಳಾಪಟ್ಟಿಯ ಆ್ಯಪನ್ನು ಫೋನಿನಿಂದ ತೆಗೆದುಬಿಡಬಹುದು. 8ರ ಹತ್ತಿರ ಬಂದರೆ ರೈಲು ಹೊರಡುವ ನಿಮಿಷಗಳನ್ನು ನೆನಪಿಟ್ಟುಕೊಳ್ಳಿ. 12 ದಾಟಿದರೆ ಬರೆದುಕೊಂಡ ಆ ಹಾಳೆಯನ್ನೇ ದೂರಿನ ಜೊತೆ ಲಗತ್ತಿಸಿ ಕಳಿಸಿ.